ಲೇಬಲ್ಲಿನ ಮೇಲೆ ಬಿಸಿಎಲ್-2, ಗೆರೆಯಲ್ಲಿ ಇನ್ನೇನೋ: ಪ್ರಯೋಗಾಲಯದ ಆಂಟಿಬಾಡಿಗಳನ್ನು ಎಷ್ಟು ನಂಬಬಹುದು?

ಕ್ಯಾನ್ಸರ್ ಸಂಶೋಧನೆಯ ಪ್ರಬಂಧಗಳನ್ನು ಹಿಂಪಡೆದ ಸುದ್ದಿಗಳು ಈಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಬರುತ್ತಿವೆ. 2024ರ ಜನವರಿಯಲ್ಲಿ ಬಾಸ್ಟನ್ನಿನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆ ತನ್ನ ವಿಜ್ಞಾನಿಗಳ 6 ಪ್ರಬಂಧಗಳನ್ನು ಹಿಂಪಡೆಯಲು, 31 ಪ್ರಬಂಧಗಳನ್ನು ತಿದ್ದಲು ಮುಂದಾದಾಗ ಅದು ಜಗತ್ತಿನೆಲ್ಲೆಡೆ ಸುದ್ದಿಯಾಯಿತು. ಇಂಥ ಸುದ್ದಿಗಳ ಜೊತೆ ಅಚ್ಚಾಗುವ ಚಿತ್ರ ಮಾತ್ರ ಸಾಮಾನ್ಯ ಓದುಗರಿಗೆ ಏನೂ ಹೇಳುವುದಿಲ್ಲ. ಬೂದು ಹಿನ್ನೆಲೆಯ ಮೇಲೆ ಸಾಲಾಗಿ ನಿಂತ ಕಪ್ಪು ಗೆರೆಗಳು. ಒಂದು ಗೆರೆ ದಪ್ಪ, ಇನ್ನೊಂದು ತೆಳು. ಅದನ್ನೇ ಎರಡು ಕಡೆ ಅಂಟಿಸಿದ್ದಾರೆ, ತಿರುಗಿಸಿ ಹಾಕಿದ್ದಾರೆ ಎಂಬ ಆರೋಪ.

ಓದಿದವರಲ್ಲಿ ಕೆಲವರು ಸಂಶೋಧಕರೆಲ್ಲ ಮೋಸಗಾರರೆಂದು ತೀರ್ಮಾನಿಸುತ್ತಾರೆ. ಇನ್ನು ಕೆಲವರು ಯಾರೋ ಒಬ್ಬಿಬ್ಬರು ಮಾಡಿದ ತಪ್ಪು, ಹಿಡಿದು ಶಿಕ್ಷಿಸಿದರೆ ಮುಗಿಯಿತು ಎನ್ನುತ್ತಾರೆ. ಎರಡೂ ವಾದಗಳು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ. ತಿರುಚಿದ ಚಿತ್ರವನ್ನು ಇವತ್ತು ಸಾಫ್ಟ್‌ವೇರ್ ಕೂಡ ಪತ್ತೆ ಹಚ್ಚುತ್ತದೆ. ಚಿತ್ರ ಅಪ್ಪಟವಾಗಿದ್ದು, ಸಂಶೋಧಕರು ಪ್ರಾಮಾಣಿಕರಾಗಿದ್ದು, ಆ ಗೆರೆ ಮಾತ್ರ ಬೇರೊಂದು ಪ್ರೋಟೀನಿನದ್ದಾಗಿದ್ದರೆ ಅದನ್ನು ಹಿಡಿಯುವವರು ಯಾರು? ಇಂಥ ತಪ್ಪಿನ ಬೇರು ಇರುವುದು ಗೆರೆಯನ್ನು ಮೂಡಿಸುವ ಆಂಟಿಬಾಡಿಯಲ್ಲಿ. ಇದನ್ನು ಅರ್ಥ ಮಾಡಿಕೊಳ್ಳಲು ಒಂದೇ ಒಂದು ಪ್ರೋಟೀನನ್ನು ಹಿಂಬಾಲಿಸಿದರೆ ಸಾಕು. ಅದು ಜೀವಕೋಶದ ಸಾವನ್ನು ತಡೆಯುವ ಬಿಸಿಎಲ್-2.

ಸಾಯಬೇಕಾದ ಕೋಶ ಸಾಯದಿದ್ದಾಗ

ನಮ್ಮ ದೇಹದಲ್ಲಿ ದಿನವೂ ಕೋಟ್ಯಂತರ ಜೀವಕೋಶಗಳು ಸಾಯುತ್ತವೆ. ಗಾಯವಾಗಿ, ಒಡೆದು ಸಾಯುವ ಬಗೆ ಬೇರೆ. ಕೋಶವೊಂದು ತನ್ನನ್ನು ತಾನೇ ಕ್ರಮವಾಗಿ ಕಳಚಿಕೊಂಡು, ಅಕ್ಕಪಕ್ಕದವಕ್ಕೆ ತೊಂದರೆ ಕೊಡದೆ ಇಲ್ಲವಾಗುವ ಬಗೆ ಬೇರೆ. ಈ ಎರಡನೆಯದಕ್ಕೆ 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ಮೂವರು ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಹಳತಾದ, ಕೆಟ್ಟ, ಇನ್ನು ಬೇಡವಾದ ಕೋಶಗಳನ್ನು ದೇಹ ತೆರವು ಮಾಡುವುದು ಹೀಗೆ.

ಬಿಸಿಎಲ್-2 ಈ ಕಥೆಯೊಳಗೆ ಬಂದದ್ದು ಕ್ಯಾನ್ಸರ್‌ನ ದಾರಿಯಿಂದ. ಫಾಲಿಕ್ಯುಲರ್ ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್‌ನಲ್ಲಿ 14ನೇ ಮತ್ತು 18ನೇ ವರ್ಣತಂತುಗಳು ತುಂಡಾಗಿ, ತುಂಡುಗಳು ಅದಲು ಬದಲಾಗಿ ಕೂಡಿಕೊಂಡಿರುವುದು ಬಹುಪಾಲು ರೋಗಿಗಳಲ್ಲಿ ಕಾಣುತ್ತಿತ್ತು. 1980ರ ದಶಕದ ನಡುವಿನಲ್ಲಿ ತ್ಸುಜಿಮೊಟೊ ಮತ್ತು ಕ್ರೊಚೆ ಎಂಬ ವಿಜ್ಞಾನಿಗಳು ಆ ತುಂಡಾದ ಜಾಗದಲ್ಲಿದ್ದ ಜೀನನ್ನು ಗುರುತಿಸಿದರು. ಅದೇ ಬಿಸಿಎಲ್-2. ಆಗಿನ ನಂಬಿಕೆಯಂತೆ ಕ್ಯಾನ್ಸರ್ ಜೀನ್ ಎಂದರೆ ಕೋಶವನ್ನು ಬೇಗ ಬೇಗ ಒಡೆದು ಹೆಚ್ಚಿಸುವಂಥದ್ದು. 1988ರಲ್ಲಿ ಮೆಲ್ಬರ್ನಿನ ಡೇವಿಡ್ ವಾಕ್ಸ್, ಸೂಸನ್ ಕೋರಿ ಮತ್ತು ಜೆರ್ರಿ ಆಡಮ್ಸ್ ಈ ನಂಬಿಕೆಯನ್ನು ಬದಲಿಸಿದರು. ಬದುಕಲು ಬೇಕಾದ ಪೋಷಕ ಅಂಶವನ್ನು ಕಿತ್ತುಕೊಂಡಾಗ ಸಾಮಾನ್ಯ ಕೋಶಗಳು ಸತ್ತವು. ಬಿಸಿಎಲ್-2 ಹೆಚ್ಚಾಗಿದ್ದ ಕೋಶಗಳು ಸಾಯಲಿಲ್ಲ. ಅವು ಹೆಚ್ಚಾಗಿ ಬೆಳೆಯಲೂ ಇಲ್ಲ, ಸುಮ್ಮನೆ ಉಳಿದುಕೊಂಡವು. ಕ್ಯಾನ್ಸರ್ ಎಂದರೆ ಅತಿ ಬೆಳವಣಿಗೆ ಮಾತ್ರವಲ್ಲ, ಸಾಯಬೇಕಾದದ್ದು ಸಾಯದಿರುವುದೂ ಹೌದು ಎಂಬ ತಿಳಿವಳಿಕೆ ಅಲ್ಲಿಂದ ಗಟ್ಟಿಯಾಯಿತು.

ಈ ತಿಳಿವಳಿಕೆಯ ಫಲ ರೋಗಿಗಳಿಗೆ ಮುಟ್ಟಲು 28 ವರ್ಷ ಬೇಕಾಯಿತು. ಬಿಸಿಎಲ್-2 ಪ್ರೋಟೀನಿನ ಮೇಲ್ಮೈಯಲ್ಲಿರುವ ಒಂದು ತಗ್ಗಿಗೆ ಕೂತು ಅದರ ಕೆಲಸವನ್ನು ನಿಲ್ಲಿಸುವ ವೆನೆಟೊಕ್ಲಾಕ್ಸ್ ಮಾತ್ರೆಗೆ ಅಮೆರಿಕ 2016ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಇವತ್ತು ಕೆಲವು ಬಗೆಯ ರಕ್ತ ಕ್ಯಾನ್ಸರ್‌ಗಳಲ್ಲಿ ಅದು ಮುಖ್ಯ ಔಷಧ. ಹಾಗಾಗಿ ‘ಈ ಕೋಶದಲ್ಲಿ ಬಿಸಿಎಲ್-2 ಇದೆಯೇ, ಇದ್ದರೆ ಎಷ್ಟಿದೆ?’ ಎಂಬ ಪ್ರಶ್ನೆ ಪ್ರಯೋಗಾಲಯದ ಗೋಡೆಯೊಳಗೆ ಉಳಿಯುವುದಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಲು ಸಂಶೋಧಕರು ಮೊದಲು ಕೈಹಾಕುವುದು ಆಂಟಿಬಾಡಿಗೆ.

ಕಪ್ಪು ಗೆರೆ ಹುಟ್ಟುವ ಬಗೆ

ಕೋವಿಡ್ ಕಾಲದಲ್ಲಿ ಆಂಟಿಬಾಡಿ ಎಂಬ ಮಾತು ಮನೆಮನೆಗೂ ಬಂತು. ವೈರಾಣುವನ್ನು ಗುರುತಿಸಿ ಹಿಡಿಯಲು ನಮ್ಮ ದೇಹ ತಯಾರಿಸುವ ಪ್ರತಿಕಾಯ ಅದು. ಪ್ರಯೋಗಾಲಯದ ಆಂಟಿಬಾಡಿಯೂ ಅದೇ ಜಾತಿಯದು. ವ್ಯತ್ಯಾಸವೆಂದರೆ ಇಲ್ಲಿ ಮೊಲಕ್ಕೋ ಇಲಿಗೋ ಬಿಸಿಎಲ್-2ರ ಒಂದು ತುಣುಕನ್ನು ಚುಚ್ಚಿ, ಆ ತುಣುಕನ್ನು ಹಿಡಿಯುವ ಆಂಟಿಬಾಡಿಯನ್ನು ಪಡೆಯುತ್ತಾರೆ. ಇದು ಔಷಧವಲ್ಲ, ಮನುಷ್ಯರಿಗೆ ಕೊಡುವಂಥದ್ದಲ್ಲ. ಸೀಸೆಯ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದು ಬರೆದಿರುತ್ತದೆ. ಆ ಎರಡು ಪದಗಳ ನಿಜವಾದ ಅರ್ಥವನ್ನು ಮುಂದೆ ನೋಡೋಣ.

ಕೋಶಗಳನ್ನು ಕರಗಿಸಿ, ಅದರೊಳಗಿನ ಸಾವಿರಾರು ಪ್ರೋಟೀನುಗಳನ್ನು ಜೆಲ್ಲಿನ ಮೂಲಕ ವಿದ್ಯುತ್ತಿನಿಂದ ಎಳೆದಾಗ ಚಿಕ್ಕವು ಬೇಗ ಓಡುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ. ಹೀಗೆ ತೂಕಕ್ಕೆ ತಕ್ಕಂತೆ ಬೇರೆಯಾದ ಪ್ರೋಟೀನುಗಳನ್ನು ಒಂದು ತೆಳು ಪೊರೆಗೆ ವರ್ಗಾಯಿಸುತ್ತಾರೆ. ಅದರ ಮೇಲೆ ಬಿಸಿಎಲ್-2 ಆಂಟಿಬಾಡಿಯನ್ನು ಹಾಕಿ ತೊಳೆಯುತ್ತಾರೆ. ಮೊದಲ ಆಂಟಿಬಾಡಿಯನ್ನು ಹಿಡಿಯುವ, ಬೆಳಕು ಹೊಮ್ಮಿಸುವ ಕಿಣ್ವ ಕಟ್ಟಿರುವ ಎರಡನೆಯ ಆಂಟಿಬಾಡಿ ಆಮೇಲೆ ಬರುತ್ತದೆ. ಎಲ್ಲಿ ಬೆಳಕು ಬಂತೋ ಅಲ್ಲಿ ಕಪ್ಪು ಗೆರೆ. ಇದೇ ವೆಸ್ಟರ್ನ್ ಬ್ಲಾಟ್. ಬಿಸಿಎಲ್-2ರ ತೂಕ ಸುಮಾರು 26 ಕಿಲೋಡಾಲ್ಟನ್. ಆ ಮಟ್ಟದಲ್ಲಿ ಗೆರೆ ಕಂಡರೆ ಪ್ರೋಟೀನ್ ಇದೆ, ದಪ್ಪಗೆ ಕಂಡರೆ ಹೆಚ್ಚಿದೆ ಎಂದು ಓದುತ್ತಾರೆ.

ಈ ಓದಿನಲ್ಲಿ ಒಂದು ಊಹೆ ಅಡಗಿದೆ: ಆಂಟಿಬಾಡಿ ಹಿಡಿದದ್ದು ಬಿಸಿಎಲ್-2ನ್ನೇ. ವಾಸ್ತವದಲ್ಲಿ ಆಂಟಿಬಾಡಿಗೆ ಇಡೀ ಪ್ರೋಟೀನಿನ ಪರಿಚಯ ಇರುವುದಿಲ್ಲ. ಅದು ಗುರುತಿಸುವುದು ಹತ್ತಿಪ್ಪತ್ತು ಅಮೈನೋ ಆಮ್ಲಗಳ ಒಂದು ತುಣುಕನ್ನು, ಕೆಲವೊಮ್ಮೆ ಅದಕ್ಕಿಂತ ಚಿಕ್ಕದನ್ನು. ಮಂಡ್ಯದ ಬಸ್ ನಿಲ್ದಾಣದಲ್ಲಿ ನಿಂತು ‘ಗೌಡ್ರೇ’ ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುವಂತೆ, ಅಂಥದೇ ತುಣುಕು ಇರುವ ಬೇರೆ ಪ್ರೋಟೀನುಗಳೂ ಆಂಟಿಬಾಡಿಗೆ ಓಗೊಡಬಹುದು.

26ರ ಪಕ್ಕದಲ್ಲೇ 25

ಬಿಸಿಎಲ್-2ಗೆ ಸೋದರ ಪ್ರೋಟೀನುಗಳಿವೆ. ಬಿಸಿಎಲ್-ಎಕ್ಸ್‌ಎಲ್, ಎಂಸಿಎಲ್-1 ಇವೂ ಕೋಶದ ಸಾವನ್ನು ತಡೆಯುವಂಥವೇ. ಬಿಸಿಎಲ್-2ರಲ್ಲಿ 239 ಅಮೈನೋ ಆಮ್ಲಗಳಿದ್ದರೆ ಬಿಸಿಎಲ್-ಎಕ್ಸ್‌ಎಲ್‌ನಲ್ಲಿ 233. ಜೆಲ್ಲಿನ ಮೇಲೆ ಇವು ಅಕ್ಕಪಕ್ಕದಲ್ಲೇ ಕೂರುತ್ತವೆ. ಒಂದನ್ನು ಹಿಡಿಯಬೇಕಾದ ಆಂಟಿಬಾಡಿ ಇನ್ನೊಂದನ್ನೂ ಒಂದಿಷ್ಟು ಹಿಡಿದರೆ ಗೆರೆಯನ್ನು ನೋಡಿ ಬೇರ್ಪಡಿಸುವುದು ಕಷ್ಟ. ಔಷಧದ ದೃಷ್ಟಿಯಿಂದ ಈ ಗೊಂದಲ ದುಬಾರಿ. ವೆನೆಟೊಕ್ಲಾಕ್ಸ್ ಬಿಸಿಎಲ್-2ನ್ನು ಮಾತ್ರ ನಿಲ್ಲಿಸುತ್ತದೆ. ಅದಕ್ಕಿಂತ ಮೊದಲು ಬಂದ ನ್ಯಾವಿಟೊಕ್ಲಾಕ್ಸ್ ಬಿಸಿಎಲ್-ಎಕ್ಸ್‌ಎಲ್‌ಗೂ ಅಂಟುತ್ತಿದ್ದುದರಿಂದ, ಬದುಕಲು ಅದನ್ನೇ ನೆಚ್ಚಿರುವ ಪ್ಲೇಟ್‌ಲೆಟ್‌ಗಳು ರೋಗಿಗಳಲ್ಲಿ ಕುಸಿದವು. ಗಡ್ಡೆಯೊಂದು ಯಾವ ಸೋದರನನ್ನು ನೆಚ್ಚಿ ಬದುಕಿದೆ ಎಂಬುದರಲ್ಲಿ ತಪ್ಪಿದರೆ ಔಷಧದ ಆಯ್ಕೆಯಲ್ಲೂ ತಪ್ಪುತ್ತೇವೆ.

ಇನ್ನೊಂದು ಬಲೆ ಆಂಟಿಬಾಡಿಯೊಳಗೇ ಇದೆ. ಬಿಸಿಎಲ್-2 ಯಾವ ಪ್ರೋಟೀನಿನ ಜೊತೆ ಕೂಡಿಕೊಂಡಿದೆ ಎಂದು ತಿಳಿಯಲು ಆಂಟಿಬಾಡಿಯಿಂದ ಅದನ್ನು ಹಿಡಿದೆಳೆದು, ಸಿಕ್ಕಿದ್ದನ್ನು ಮತ್ತೆ ಬ್ಲಾಟ್ ಮಾಡುವ ವಿಧಾನವಿದೆ. ಆಗ ಎಳೆಯಲು ಬಳಸಿದ ಆಂಟಿಬಾಡಿಯೂ ಜೆಲ್ಲಿಗೆ ಹೋಗಿ ತುಂಡಾಗುತ್ತದೆ. ಆಂಟಿಬಾಡಿಯ ಚಿಕ್ಕ ತುಂಡಿನ ತೂಕ ಸುಮಾರು 25 ಕಿಲೋಡಾಲ್ಟನ್. ಬಿಸಿಎಲ್-2ರದ್ದು 26. ಎರಡನೆಯ ಆಂಟಿಬಾಡಿ ಎರಡನ್ನೂ ಬೆಳಗಿಸಿದಾಗ, ಕೊಳವೆಯಲ್ಲಿ ಬಿಸಿಎಲ್-2 ಎಳ್ಳಷ್ಟೂ ಇಲ್ಲದಿದ್ದರೂ ಅದೇ ಜಾಗದಲ್ಲಿ ದಪ್ಪ ಗೆರೆ ಕಾಣುತ್ತದೆ. ಇಲಿಯ ಅಂಗಾಂಶದ ಮೇಲೆ ಇಲಿಯದೇ ಆಂಟಿಬಾಡಿಯನ್ನು ಬಳಸಿದಾಗಲೂ ಇದೇ ತೊಂದರೆ, ಏಕೆಂದರೆ ಅಂಗಾಂಶದ ರಕ್ತದಲ್ಲಿ ಇಲಿಯ ಸ್ವಂತ ಆಂಟಿಬಾಡಿಗಳು ಇದ್ದೇ ಇರುತ್ತವೆ. ಅನುಭವಿಗಳು ಇದನ್ನು ಬಲ್ಲರು. ಬೇರೆ ಪ್ರಾಣಿಯ ಆಂಟಿಬಾಡಿ ಬಳಸಿ, ಬರಿಯ ಆಂಟಿಬಾಡಿಯನ್ನೇ ಒಂದು ಸಾಲಿನಲ್ಲಿ ಓಡಿಸಿ ತಪ್ಪಿಸಿಕೊಳ್ಳುತ್ತಾರೆ. ಹೊಸದಾಗಿ ಪಿಎಚ್‌ಡಿಗೆ ಸೇರಿದ ವಿದ್ಯಾರ್ಥಿಗೆ ಇದನ್ನು ಯಾರಾದರೂ ಹೇಳಿಕೊಡಬೇಕು. ಹೇಳಿಕೊಡದಿದ್ದರೆ ಆ ಗೆರೆ ಪ್ರಾಮಾಣಿಕವಾಗಿಯೇ ಪ್ರಬಂಧಕ್ಕೆ ಹೋಗುತ್ತದೆ.

ಇದ್ದದ್ದು ಕಾಣದೇ ಹೋದಾಗ

ಇಲ್ಲದ್ದನ್ನು ತೋರಿಸುವುದು ಒಂದು ಬಗೆಯ ತಪ್ಪಾದರೆ, ಇರುವುದನ್ನು ತೋರಿಸದಿರುವುದು ಇನ್ನೊಂದು. ಎರಡನೆಯದು ನೇರವಾಗಿ ರೋಗಿಯ ಬಯಾಪ್ಸಿ ವರದಿಗೆ ಬರುತ್ತದೆ.

ಕುತ್ತಿಗೆಯಲ್ಲಿ ಗಂಟು ಊದಿಕೊಂಡಿದೆ ಎಂದಿಟ್ಟುಕೊಳ್ಳಿ. ದುಗ್ಧಗ್ರಂಥಿಯ ತುಂಡನ್ನು ತೆಗೆದು, ಫಾರ್ಮಾಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿ, ತೆಳುವಾಗಿ ಹೆರೆದು ಗಾಜಿನ ಮೇಲೆ ಹರಡುತ್ತಾರೆ. ಸೋಂಕಿನಿಂದ ಊದಿಕೊಂಡ ಗ್ರಂಥಿಯಲ್ಲೂ ದುಂಡನೆಯ ಕೋಶಗುಚ್ಛಗಳಿರುತ್ತವೆ, ಫಾಲಿಕ್ಯುಲರ್ ಲಿಂಫೋಮಾದಲ್ಲೂ ಇರುತ್ತವೆ. ಇವನ್ನು ಬೇರ್ಪಡಿಸಲು ರೋಗಶಾಸ್ತ್ರಜ್ಞರು ಬಿಸಿಎಲ್-2 ಆಂಟಿಬಾಡಿಯನ್ನು ಬಳಸುತ್ತಾರೆ. ಸೋಂಕಿನ ಗ್ರಂಥಿಯಲ್ಲಿ ಆ ಗುಚ್ಛದ ನಡುವಿನ ಬಿ ಕೋಶಗಳಲ್ಲಿ (ಆಂಟಿಬಾಡಿ ತಯಾರಿಸುವ ಬಿಳಿ ರಕ್ತಕಣಗಳಲ್ಲಿ) ಬಿಸಿಎಲ್-2 ಇರುವುದಿಲ್ಲ, ನಡುಭಾಗ ಬಣ್ಣವಿಲ್ಲದೆ ಖಾಲಿ ಕಾಣುತ್ತದೆ. ಸುತ್ತಲಿನ ಕೋಶಗಳು ಮತ್ತು ಟಿ ಕೋಶಗಳು ಮಾತ್ರ ಕಂದು ಬಣ್ಣಕ್ಕೆ ತಿರುಗಿರುತ್ತವೆ. ಲಿಂಫೋಮಾದಲ್ಲಿ ನಡುಭಾಗವೂ ಕಂದಾಗುತ್ತದೆ. ನೋಡಿದ ಕೂಡಲೇ ಗೊತ್ತಾಗುವ ವ್ಯತ್ಯಾಸ.

ಈ ಕೆಲಸಕ್ಕೆ ದಶಕಗಳಿಂದ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವುದು ‘ಕ್ಲೋನ್ 124’ ಎಂಬ ಆಂಟಿಬಾಡಿ (ಒಂದೇ ಕೋಶದ ಸಂತತಿ ತಯಾರಿಸುವ ಆಂಟಿಬಾಡಿಯನ್ನು ಕ್ಲೋನ್ ಎನ್ನುತ್ತಾರೆ). ಆಕ್ಸ್‌ಫರ್ಡ್‌ನ ಡೇವಿಡ್ ಮೇಸನ್ ಅವರ ಪ್ರಯೋಗಾಲಯದ ಕೊಡುಗೆ ಅದು. ಬಿಸಿಎಲ್-2ರ 41ರಿಂದ 54ನೇ ಅಮೈನೋ ಆಮ್ಲಗಳ ತುಣುಕನ್ನು ಅದು ಗುರುತಿಸುತ್ತದೆ. ಒಳ್ಳೆಯ ಆಂಟಿಬಾಡಿ, ಅಸಂಖ್ಯ ರೋಗಿಗಳ ರೋಗನಿರ್ಣಯಕ್ಕೆ ನೆರವಾಗಿದೆ. ಆದರೂ ಕೆಲವು ಲಿಂಫೋಮಾಗಳಲ್ಲಿ ವರ್ಣತಂತುಗಳ ಅದಲು ಬದಲು ಆಗಿದ್ದರೂ, ಬಿಸಿಎಲ್-2 ತುಂಬಿದ್ದರೂ, ಕ್ಲೋನ್ 124 ಹಾಕಿದರೆ ಬಣ್ಣ ಬರುತ್ತಿರಲಿಲ್ಲ.

ಕಾರಣ ಹುಡುಕಿದಾಗ ಸಿಕ್ಕಿದ್ದು ಜೀವಶಾಸ್ತ್ರದ ಒಂದು ವಿಚಿತ್ರ ಸುಳಿ. ಆ ಅದಲು ಬದಲಿನಲ್ಲಿ ಬಿಸಿಎಲ್-2 ಜೀನ್ ಹೋಗಿ ಕೂರುವುದು 14ನೇ ವರ್ಣತಂತಿನಲ್ಲಿ, ನಮ್ಮ ದೇಹದ ಆಂಟಿಬಾಡಿ ಜೀನಿನ ಪಕ್ಕದಲ್ಲಿ. ಬಿ ಕೋಶಗಳು ಹೆಚ್ಚು ಚುರುಕಾದ ಆಂಟಿಬಾಡಿ ಪಡೆಯಲು ಆ ಪ್ರದೇಶದ ಡಿಎನ್‌ಎಯನ್ನು ಬೇಕೆಂದೇ ಅಲ್ಲಲ್ಲಿ ಬದಲಿಸುತ್ತವೆ. ಪಕ್ಕಕ್ಕೆ ಬಂದು ಕೂತ ಬಿಸಿಎಲ್-2 ಜೀನೂ ಆ ಬದಲಾವಣೆಗೆ ಸಿಕ್ಕಿಕೊಳ್ಳುತ್ತದೆ. ಕೆಲವು ರೋಗಿಗಳಲ್ಲಿ ಬದಲಾದ ಜಾಗ ಕ್ಲೋನ್ 124 ಹಿಡಿಯುವ ತುಣುಕಿನಲ್ಲೇ ಬಿದ್ದಿತ್ತು. ದೇಹದ ಆಂಟಿಬಾಡಿ ಕಾರ್ಖಾನೆಯೇ ಪ್ರೋಟೀನಿನ ಗುರುತನ್ನು ಅಳಿಸಿ, ಪ್ರಯೋಗಾಲಯದ ಆಂಟಿಬಾಡಿಗೆ ಅದು ಕಾಣದಂತೆ ಮಾಡಿತ್ತು. ಪ್ರೋಟೀನ್ ಮಾತ್ರ ಸಾವನ್ನು ತಡೆಯುವ ತನ್ನ ಕೆಲಸವನ್ನು ಮುಂದುವರಿಸಿತ್ತು. ಬೇರೆ ಜಾಗವನ್ನು ಗುರುತಿಸುವ ಇ17, ಎಸ್‌ಪಿ66 ಎಂಬ ಕ್ಲೋನ್‌ಗಳನ್ನು ಹಾಕಿದಾಗ ಇಂಥ ಹಲವು ಗಡ್ಡೆಗಳು ಕಂದು ಬಣ್ಣಕ್ಕೆ ತಿರುಗಿದವು.

ಇಲ್ಲಿ ಯಾರೂ ಮೋಸ ಮಾಡಿಲ್ಲ, ಆಂಟಿಬಾಡಿಯೂ ಕಳಪೆಯಲ್ಲ. ಸುತ್ತಲಿನ ಟಿ ಕೋಶಗಳು ಸರಿಯಾಗಿಯೇ ಕಂದಾಗಿರುತ್ತವೆ, ಆದ್ದರಿಂದ ಪ್ರಯೋಗ ಕೆಟ್ಟಿದೆ ಎಂಬ ಅನುಮಾನವೂ ಬರುವುದಿಲ್ಲ. ‘ಬಿಸಿಎಲ್-2 ನೆಗೆಟಿವ್’ ಎಂದು ವರದಿ ಬರೆಯುವಾಗ ಹೇಳಬಹುದಾದದ್ದು ‘ಈ ಆಂಟಿಬಾಡಿಗೆ ಕಾಣಲಿಲ್ಲ’ ಎಂದಷ್ಟೇ. ಈ ಎರಡು ವಾಕ್ಯಗಳ ನಡುವಿನ ಅಂತರದಲ್ಲಿ ಒಬ್ಬ ರೋಗಿಯ ರೋಗನಿರ್ಣಯವೇ ತಪ್ಪಬಹುದು. ಅನುಮಾನವಿದ್ದಾಗ ಎರಡನೆಯ ಕ್ಲೋನ್ ಹಾಕುವುದು, ವರ್ಣತಂತಿನ ಅದಲು ಬದಲನ್ನು, ಡಿಎನ್‌ಎಗೆ ಹೊಳೆಯುವ ಗುರುತು ಅಂಟಿಸುವ ಫಿಶ್ ಪರೀಕ್ಷೆಯಿಂದ ನೇರವಾಗಿ ನೋಡುವುದು ಅದಕ್ಕಾಗಿಯೇ ಬೇಕಾಗುತ್ತದೆ.

ಸಮಸ್ಯೆ ಎಷ್ಟು ದೊಡ್ಡದು?

ಬಿಸಿಎಲ್-2ರ ಮಟ್ಟಿಗೆ ನೂರಾರು ಜನ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ್ದರಿಂದ ದೋಷಗಳು ಹೊರಬಿದ್ದವು. ಅಷ್ಟು ಜನಪ್ರಿಯವಲ್ಲದ ಪ್ರೋಟೀನುಗಳ ಸ್ಥಿತಿ ಇದಕ್ಕಿಂತ ಕೆಟ್ಟದು. ಕೆನಡಾದ ಮಾಂಟ್ರಿಯಲ್‌ನಲ್ಲಿ ನೆಲೆಯಾದ ವೈಕ್ಯಾರೋಸ್ ಎಂಬ ಮುಕ್ತ ಯೋಜನೆ 65 ಪ್ರೋಟೀನುಗಳಿಗೆಂದು ಮಾರಾಟವಾಗುತ್ತಿದ್ದ 614 ಆಂಟಿಬಾಡಿಗಳನ್ನು ಒಂದೇ ಅಳತೆಗೋಲಿನಲ್ಲಿ ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಬಳಕೆಯ ಬಗೆಯನ್ನು ಅವಲಂಬಿಸಿ, ಅರ್ಧದಿಂದ ಮುಕ್ಕಾಲು ಪಾಲು ಪ್ರೋಟೀನುಗಳಿಗೆ ಕನಿಷ್ಠ ಒಂದಾದರೂ ಒಳ್ಳೆಯ ಆಂಟಿಬಾಡಿ ಮಾರುಕಟ್ಟೆಯಲ್ಲಿ ಇತ್ತು. ಇದು ಸಮಾಧಾನದ ಸಂಗತಿ. ಕಳವಳದ ಸಂಗತಿ ಬೇರೆ: ತನ್ನ ಗುರಿಯನ್ನು ಹಿಡಿಯಲು ವಿಫಲವಾದ ಆಂಟಿಬಾಡಿಯನ್ನು ನೆಚ್ಚಿ ಪ್ರಕಟವಾದ ಪ್ರಬಂಧಗಳು ಪ್ರತಿ ಪ್ರೋಟೀನಿಗೆ ಸರಾಸರಿ ಹನ್ನೆರಡರಷ್ಟಿದ್ದವು.

ಒಂದು ಪ್ರಕರಣವನ್ನು ಹತ್ತಿರದಿಂದ ನೋಡಬಹುದು. ಸ್ತನ ಕ್ಯಾನ್ಸರ್ ಸಂಶೋಧನೆಯಲ್ಲಿ ಈಸ್ಟ್ರೋಜನ್ ಗ್ರಾಹಕ ಬೀಟಾ ಎಂಬ ಪ್ರೋಟೀನಿನ ಮೇಲೆ ಎರಡು ದಶಕ ಕೆಲಸ ನಡೆದಿತ್ತು, ಒಬ್ಬರ ಫಲಿತಾಂಶಕ್ಕೆ ಇನ್ನೊಬ್ಬರದು ತಾಳೆಯಾಗುತ್ತಿರಲಿಲ್ಲ. 2017ರಲ್ಲಿ ಸ್ವೀಡನ್ನಿನ ತಂಡವೊಂದು ಅದಕ್ಕೆ ಬಳಕೆಯಲ್ಲಿದ್ದ 13 ಆಂಟಿಬಾಡಿಗಳನ್ನು ಪರೀಕ್ಷಿಸಿದಾಗ ನಂಬಬಹುದಾದದ್ದು ಒಂದೇ ಒಂದು ಎಂದು ಕಂಡುಬಂತು. ಅದನ್ನು ಬಳಸಿ ನೋಡಿದರೆ ಸಾಮಾನ್ಯ ಸ್ತನದ ಅಂಗಾಂಶದಲ್ಲೂ ಸ್ತನ ಕ್ಯಾನ್ಸರ್‌ನಲ್ಲೂ ಆ ಪ್ರೋಟೀನ್ ಕಾಣಲಿಲ್ಲ.

ಹಣದ ಲೆಕ್ಕವೂ ಇದೆ. ಆಂಡ್ರ್ಯೂ ಬ್ರಾಡ್‌ಬರಿ ಮತ್ತು ಆಂಡ್ರಿಯಾಸ್ ಪ್ಲುಕ್‌ಥುನ್ 2015ರಲ್ಲಿ, ನೂರಕ್ಕೂ ಹೆಚ್ಚು ವಿಜ್ಞಾನಿಗಳ ಸಹಿಯೊಂದಿಗೆ, ಜಗತ್ತು ಇಂಥ ಸಾಧನಗಳ ಮೇಲೆ ವರ್ಷಕ್ಕೆ ಮಾಡುವ ಖರ್ಚಿನಲ್ಲಿ ಸುಮಾರು 80 ಕೋಟಿ ಡಾಲರ್ ವ್ಯರ್ಥವಾಗುತ್ತಿದೆ ಎಂದು ಅಂದಾಜಿಸಿದರು. ಅದು ಸೀಸೆಗಳ ಬೆಲೆ ಮಾತ್ರ. ತಪ್ಪು ಗೆರೆಯ ಹಿಂದೆ ಹೋದ ವಿದ್ಯಾರ್ಥಿಗಳ ವರ್ಷಗಳು, ಬಲಿಯಾದ ಇಲಿಗಳು, ರೋಗಿಗಳಿಂದ ಪಡೆದ ಮಾದರಿಗಳು ಆ ಲೆಕ್ಕದಲ್ಲಿ ಇಲ್ಲ. ನನ್ನ ಮಟ್ಟಿಗೆ ಡಾಲರಿಗಿಂತ ಇವೇ ಭಾರವಾದ ನಷ್ಟ.

ಜವಾಬ್ದಾರಿ ಯಾರದು?

‘ಸಂಶೋಧನೆಗೆ ಮಾತ್ರ’ ಎಂಬ ಪದಗಳ ಅರ್ಥ ಇಲ್ಲಿ ತೆರೆದುಕೊಳ್ಳುತ್ತದೆ. ರೋಗನಿರ್ಣಯಕ್ಕೆ ಮಾರುವ ಆಂಟಿಬಾಡಿ ಸರ್ಕಾರದ ನಿಯಂತ್ರಣಕ್ಕೆ ಒಳಪಡುತ್ತದೆ. ಭಾರತದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳು ಅದನ್ನು ನೋಡಿಕೊಳ್ಳುತ್ತವೆ. ಸಂಶೋಧನೆಗೆ ಮಾರುವ ಆಂಟಿಬಾಡಿಯನ್ನು ಮಾರಾಟಕ್ಕೆ ಮುನ್ನ ಯಾವ ಸರ್ಕಾರಿ ಸಂಸ್ಥೆಯೂ ಪರೀಕ್ಷಿಸುವುದಿಲ್ಲ. ಕಂಪನಿ ಕೊಟ್ಟ ವಿವರಪಟ್ಟಿಯೇ ಪ್ರಮಾಣ.

ಬಳಕೆದಾರರು ಹೇಳುವುದು ಸರಳ: ನಾವು ದುಡ್ಡು ಕೊಟ್ಟು ಬಿಸಿಎಲ್-2 ಆಂಟಿಬಾಡಿ ಎಂದು ಕೊಂಡೆವು, ಅದು ಬಿಸಿಎಲ್-2ನ್ನೇ ಹಿಡಿಯಬೇಕಾದದ್ದು ಮಾರುವವರ ಹೊಣೆ. ನೂರು ಮೈಕ್ರೊಲೀಟರಿನ ಒಂದು ಸೀಸೆಗೆ ಹತ್ತಾರು ಸಾವಿರ ರೂಪಾಯಿ ತೆರುವ ಭಾರತದ ಪ್ರಯೋಗಾಲಯಕ್ಕೆ ಈ ಮಾತು ಇನ್ನಷ್ಟು ನಿಜ.

ಕಂಪನಿಗಳ ಉತ್ತರವನ್ನೂ ತಳ್ಳಿಹಾಕುವಂತಿಲ್ಲ. ಬ್ಲಾಟ್‌ನಲ್ಲಿ ಪ್ರೋಟೀನ್ ಬಿಚ್ಚಿಕೊಂಡು ನೇರವಾಗಿರುತ್ತದೆ, ಜೀವಂತ ಕೋಶದಲ್ಲಿ ಮಡಚಿಕೊಂಡಿರುತ್ತದೆ, ಫಾರ್ಮಾಲಿನ್ ಕಂಡ ಅಂಗಾಂಶದಲ್ಲಿ ಅಕ್ಕಪಕ್ಕದ ಪ್ರೋಟೀನುಗಳಿಗೆ ಹೊಲಿದುಕೊಂಡಿರುತ್ತದೆ. ಒಂದರಲ್ಲಿ ಚೆನ್ನಾಗಿ ಕೆಲಸ ಮಾಡುವ ಆಂಟಿಬಾಡಿ ಇನ್ನೊಂದರಲ್ಲಿ ಸೋಲಬಹುದು. ಸಾವಿರಾರು ಬಗೆಯ ಕೋಶ, ಅಂಗಾಂಶ, ವಿಧಾನಗಳಲ್ಲಿ ಪ್ರತಿಯೊಂದನ್ನೂ ಪರೀಕ್ಷಿಸಿ ಮಾರಲು ಸಾಧ್ಯವಿಲ್ಲ, ತನ್ನ ಮಾದರಿಯಲ್ಲಿ ಪರೀಕ್ಷಿಸಿಕೊಳ್ಳುವುದು ಬಳಸುವವರ ಕರ್ತವ್ಯ ಎನ್ನುತ್ತಾರೆ ಅವರು.

ಮೂರನೆಯ ವಾದ ಬ್ರಾಡ್‌ಬರಿ ಮತ್ತು ಪ್ಲುಕ್‌ಥುನ್ ಅವರದು. ಆಂಟಿಬಾಡಿಯನ್ನು ಪ್ರಾಣಿಯ ರಕ್ತದಿಂದ ಬಸಿಯುವುದನ್ನು, ಕೊನೆಗೆ ಹೈಬ್ರಿಡೋಮಾ ಕೋಶಗಳನ್ನು (ಆಂಟಿಬಾಡಿ ತಯಾರಿಸುವ ಕೋಶವನ್ನು ಕ್ಯಾನ್ಸರ್ ಕೋಶದೊಂದಿಗೆ ಬೆಸೆದು ಪಡೆದವು) ನೆಚ್ಚುವುದನ್ನೂ ಬಿಟ್ಟು, ಅದರ ಜೀನಿನ ಅನುಕ್ರಮವನ್ನು ಓದಿ, ಆ ಅನುಕ್ರಮದಿಂದಲೇ ತಯಾರಿಸಬೇಕು, ಅನುಕ್ರಮ ಎಲ್ಲರಿಗೂ ತಿಳಿದಿರಬೇಕು. 1975ರಲ್ಲಿ ಕೊಹ್ಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದ ಹೈಬ್ರಿಡೋಮಾ ಒಂದೇ ಬಗೆಯ ಆಂಟಿಬಾಡಿಯನ್ನು ಕೊಡುತ್ತದೆ ಎಂಬುದು ಪಠ್ಯಪುಸ್ತಕದ ಮಾತು. 185 ಹೈಬ್ರಿಡೋಮಾಗಳನ್ನು ಓದಿ ನೋಡಿದ 2018ರ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಪಾಲು ಹೆಚ್ಚುವರಿ ಆಂಟಿಬಾಡಿ ಸರಪಳಿಗಳನ್ನೂ ತಯಾರಿಸುತ್ತಿದ್ದವು. ಅನುಕ್ರಮ ಬಹಿರಂಗವಾದರೆ ಪ್ರತಿಸ್ಪರ್ಧಿಗಳು ನಕಲು ಮಾಡುತ್ತಾರೆಂಬ ಭಯ ಕಂಪನಿಗಳದು. ಭಯಕ್ಕೆ ಕಾರಣವಿದೆ. ಆದರೂ ವೈಕ್ಯಾರೋಸ್ ಪರೀಕ್ಷೆಯಲ್ಲಿ ಅನುಕ್ರಮದಿಂದ ತಯಾರಾದ ಆಂಟಿಬಾಡಿಗಳೇ ಉಳಿದ ಎರಡು ಬಗೆಗಳಿಗಿಂತ ಮೇಲುಗೈ ಪಡೆದವು. ಅದೇ ಯೋಜನೆಗೆ ಕಂಪನಿಗಳೇ ಆಂಟಿಬಾಡಿಗಳನ್ನು ಉಚಿತವಾಗಿ ಕೊಟ್ಟವು. ಸೋತವುಗಳಲ್ಲಿ ಸುಮಾರು ಐದನೇ ಒಂದು ಪಾಲನ್ನು ಮಾರುಕಟ್ಟೆಯಿಂದ ತೆಗೆದವು, ಇನ್ನೂ ಹಲವಕ್ಕೆ ಶಿಫಾರಸು ಮಾಡುತ್ತಿದ್ದ ಬಳಕೆಯನ್ನು ಬದಲಿಸಿದವು. ಕಾನೂನಿನ ಒತ್ತಾಯ ಇಲ್ಲದೆಯೇ ಇದು ನಡೆಯಿತು. ಪರೀಕ್ಷೆಯ ಫಲಿತಾಂಶ ಬಯಲಾದರೆ ಮಾರುವವರೂ ತಿದ್ದಿಕೊಳ್ಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಪ್ರಾಣಿಗಳ ಪ್ರಶ್ನೆಯೂ ಇದಕ್ಕೆ ಹೆಣೆದುಕೊಂಡಿದೆ. ಯುರೋಪಿಯನ್ ಒಕ್ಕೂಟದ ಪರ್ಯಾಯ ವಿಧಾನಗಳ ಪ್ರಯೋಗಾಲಯ ಆಂಟಿಬಾಡಿಗಾಗಿ ಪ್ರಾಣಿಗಳನ್ನು ಬಳಸುವುದನ್ನು ನಿಲ್ಲಿಸಬೇಕೆಂದು 2020ರಲ್ಲಿ ಶಿಫಾರಸು ಮಾಡಿತು. ಅನುಕ್ರಮದಿಂದ ತಯಾರಾಗುವ ಆಂಟಿಬಾಡಿಗಳಲ್ಲೂ ಹಲವು ಮೊದಲು ಮೊಲದಿಂದಲೇ ಬಂದವು, ಪ್ರಾಣಿಯ ರೋಗನಿರೋಧಕ ಶಕ್ತಿ ಮಾಡುವ ಆಯ್ಕೆಗೆ ಸಾಟಿ ಇನ್ನೂ ಸಿಕ್ಕಿಲ್ಲ ಎಂದು ಆ ಕ್ಷೇತ್ರದ ಹಲವರು ಆಕ್ಷೇಪಿಸಿದರು. ಆ ಚರ್ಚೆ ಮುಗಿದಿಲ್ಲ.

ಪ್ರೋಟೀನನ್ನೇ ತೆಗೆದು ನೋಡುವ ಪರೀಕ್ಷೆ

ಆಂಟಿಬಾಡಿ ಸರಿಯಿದೆಯೇ ಎಂದು ತಿಳಿಯಲು ಅತ್ಯಂತ ನೇರವಾದ ದಾರಿ, ಆ ಪ್ರೋಟೀನಿನ ಜೀನನ್ನು ಕ್ರಿಸ್ಪರ್ ವಿಧಾನದಿಂದ ಕತ್ತರಿಸಿ ತೆಗೆದ ಕೋಶಗಳನ್ನು ಪಕ್ಕದ ಸಾಲಿನಲ್ಲಿ ಓಡಿಸುವುದು. ಪ್ರೋಟೀನಿಲ್ಲದ ಸಾಲಿನಲ್ಲಿ ಗೆರೆ ಮಾಯವಾದರೆ ಆಂಟಿಬಾಡಿಯನ್ನು ನಂಬಬಹುದು. ಆಗಲೂ ಗೆರೆ ಉಳಿದರೆ ಅದು ಬೇರೆಯದೇ ಪ್ರೋಟೀನ್. ವೈಕ್ಯಾರೋಸ್ ಮಾಡಿದ್ದು ಇದನ್ನೇ.

ಸಾವನ್ನು ತಡೆಯುವ ಪ್ರೋಟೀನುಗಳಲ್ಲಿ ಈ ಸರಳ ಪರೀಕ್ಷೆಗೂ ತೊಡಕಿದೆ. ಅವುಗಳನ್ನು ತೆಗೆದರೆ ಕೋಶವೇ ಸಾಯಬಹುದು. ಬಿಸಿಎಲ್-2 ಇಲ್ಲದೆ ಹಲವು ಕೋಶಗಳು ಬದುಕುತ್ತವೆ. ಆ ಜೀನಿಲ್ಲದ ಇಲಿಗಳು ಹುಟ್ಟುತ್ತವೆ ಕೂಡ, ಆಮೇಲೆ ಅವುಗಳ ಮೂತ್ರಪಿಂಡ ಕೆಡುತ್ತದೆ, ರೋಮ ಬೆಳ್ಳಗಾಗುತ್ತದೆ, ಲಿಂಫೋಸೈಟ್‌ಗಳೆಂಬ ಬಿಳಿ ರಕ್ತಕಣಗಳು ಇಲ್ಲವಾಗುತ್ತವೆ. ಎಂಸಿಎಲ್-1ರ ವಿಷಯ ಹಾಗಲ್ಲ. ಅದಿಲ್ಲದ ಇಲಿಯ ಭ್ರೂಣ ಗರ್ಭಕೋಶದಲ್ಲಿ ನೆಲೆಯೂರುವ ಹಂತವನ್ನೇ ದಾಟುವುದಿಲ್ಲ. ಇದಕ್ಕೆ ಸಂಶೋಧಕರು ಕಂಡುಕೊಂಡ ದಾರಿ ಜಾಣತನದ್ದು: ಕೋಶದ ಸಾವನ್ನು ನಡೆಸುವ ಬ್ಯಾಕ್ಸ್ ಮತ್ತು ಬ್ಯಾಕ್ ಎಂಬ ಪ್ರೋಟೀನುಗಳನ್ನು ಮೊದಲು ತೆಗೆದುಬಿಡುತ್ತಾರೆ. ಸಾಯುವ ಯಂತ್ರವೇ ಇಲ್ಲದ ಕೋಶದಲ್ಲಿ ಎಂಸಿಎಲ್-1ನ್ನು ತೆಗೆದರೂ ಕೋಶ ಉಳಿಯುತ್ತದೆ, ಆಂಟಿಬಾಡಿಯ ಪರೀಕ್ಷೆ ನಡೆಯುತ್ತದೆ.

ಆಂಟಿಬಾಡಿ ನೂರಕ್ಕೆ ನೂರು ಸರಿಯಿದ್ದರೂ ಗೆರೆಗೆ ಒಂದು ಮಿತಿ ಉಂಟು. ಎಂಸಿಎಲ್-1 ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ, ಹಲವು ಕೋಶಗಳಲ್ಲಿ ಅದಕ್ಕೂ ಬೇಗ ನಶಿಸುವ ಪ್ರೋಟೀನ್. ಅದನ್ನು ಕಟ್ಟಿಹಾಕುವ ಔಷಧ ಕೊಟ್ಟಾಗ ಬ್ಲಾಟ್‌ನಲ್ಲಿ ಗೆರೆ ತೆಳ್ಳಗಾಗುವ ಬದಲು ದಪ್ಪಗಾಗುತ್ತದೆ. ಔಷಧ ಅಂಟಿದ ಪ್ರೋಟೀನ್ ನಶಿಸದೆ ಉಳಿಯುವುದೇ ಅದಕ್ಕೆ ಕಾರಣ. ಗೆರೆಯನ್ನಷ್ಟೇ ನೋಡಿದವರಿಗೆ ಔಷಧ ಸೋತಂತೆ ಕಾಣುತ್ತದೆ, ಅತ್ತ ಕೋಶಗಳು ಸಾಯುತ್ತಿರುತ್ತವೆ. ಪ್ರೋಟೀನ್ ಇದೆ ಎನ್ನುವುದು ಒಂದು ಮಾತು, ಅದು ಕೆಲಸ ಮಾಡುತ್ತಿದೆ ಎನ್ನುವುದು ಇನ್ನೊಂದು. ಆಂಟಿಬಾಡಿ ಹೇಳಬಲ್ಲದ್ದು ಮೊದಲನೆಯದನ್ನು ಮಾತ್ರ.

ಬೆಂಗಳೂರಿನ ನಂಟು

ಈ ಪ್ರೋಟೀನಿನ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಬಿಸಿಎಲ್-2 ಜೀನ್ ಇರುವ ಡಿಎನ್‌ಎ ಹಲವು ರೋಗಿಗಳಲ್ಲಿ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ತುಂಡಾಗುವುದೇಕೆ ಎಂಬ ಪ್ರಶ್ನೆಗೆ 2004ರಲ್ಲಿ ಮುಖ್ಯ ಉತ್ತರ ಕೊಟ್ಟವರಲ್ಲಿ ಒಬ್ಬರು ಸತೀಸ್ ರಾಘವನ್. ಅಮೆರಿಕದಲ್ಲಿ ಮೈಕಲ್ ಲೀಬರ್ ಅವರ ತಂಡದಲ್ಲಿದ್ದಾಗ ಅವರು, ಆ ಜಾಗದ ಡಿಎನ್‌ಎ ಮಾಮೂಲಿಗಿಂತ ಬೇರೆ ಆಕಾರ ತಳೆಯುತ್ತದೆ, ಆಂಟಿಬಾಡಿ ಜೀನುಗಳನ್ನು ಕತ್ತರಿಸಿ ಜೋಡಿಸುವ ರ‍್ಯಾಗ್ ಕಿಣ್ವ ಅಲ್ಲಿಯೂ ಕತ್ತರಿ ಹಾಕುತ್ತದೆ ಎಂದು ತೋರಿಸಿದರು. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ತಂಡ ಬಿಸಿಎಲ್-2ನ್ನು ತಡೆಯುವ ಡಿಸಾರಿಬ್ ಎಂಬ ಅಣುವನ್ನು ರೂಪಿಸಿ, ಕೋಶಗಳಲ್ಲೂ ಇಲಿಗಳಲ್ಲೂ ಪರೀಕ್ಷಿಸಿದೆ. ಇಂಥ ಕೆಲಸದಲ್ಲಿ ಬಿಸಿಎಲ್-2 ಹೆಚ್ಚಿರುವ ಕೋಶ ಯಾವುದು, ಕಡಿಮೆ ಇರುವುದು ಯಾವುದು ಎಂದು ಬೇರ್ಪಡಿಸದೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ಆ ಬೇರ್ಪಡಿಕೆ ನಿಂತಿರುವುದು ಆಂಟಿಬಾಡಿಯ ಮೇಲೆ.

ನಮ್ಮ ಪ್ರಯೋಗಾಲಯಗಳಿಗೆ ಇಂಥ ಆಂಟಿಬಾಡಿಗಳು ಬಹುಪಾಲು ಹೊರದೇಶದಿಂದ, ತಂಪು ಪೆಟ್ಟಿಗೆಯಲ್ಲಿ ಬರುತ್ತವೆ. ಕೆಲಸ ಮಾಡಲಿಲ್ಲವೆಂದರೆ ಇನ್ನೊಂದನ್ನು ತರಿಸಲು ಮತ್ತೆ ಖರೀದಿಯ ಕಡತ, ಮತ್ತೆ ವಾರಗಳ ಕಾಯುವಿಕೆ. ಪಿಎಚ್‌ಡಿ ಮುಗಿಸುವ ಗಡುವು ಹತ್ತಿರ ಬಂದಿರುವ ವಿದ್ಯಾರ್ಥಿಗೆ, ಬಂದ ಸೀಸೆಯನ್ನು ಅನುಮಾನಿಸುವ ಅನುಕೂಲವೇ ಇರುವುದಿಲ್ಲ. ಪರೀಕ್ಷೆಗೆಂದು ಪ್ರತ್ಯೇಕ ಹಣ ಯೋಜನೆಯಲ್ಲಿ ಇಲ್ಲದಿದ್ದರೆ ಆ ಖರ್ಚನ್ನು ಮೊದಲು ಬಿಡುತ್ತಾರೆ. ಇದರಲ್ಲಿ ವಿದ್ಯಾರ್ಥಿಯ ಸೋಮಾರಿತನ ಹುಡುಕುವುದು ಅನ್ಯಾಯ.

ಮುಂದೇನಾಗಬಹುದು?

ಒಂದು ಬದಲಾವಣೆ ಈಗಾಗಲೇ ನಡೆಯುತ್ತಿದೆ. ಪ್ರಬಂಧಗಳಲ್ಲಿ ಹೆಸರಿಸುವ ಆಂಟಿಬಾಡಿ, ಕೋಶ ಇತ್ಯಾದಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಿಖರವಾಗಿ ಯಾವುವು ಎಂದು ಗುರುತಿಸಲು ಆಗುವುದಿಲ್ಲವೆಂದು 2013ರ ಅಧ್ಯಯನವೊಂದು ತೋರಿಸಿತ್ತು. ಅದಾದ ಮೇಲೆ ಪ್ರತಿ ಆಂಟಿಬಾಡಿಗೂ ಆರ್‌ಆರ್‌ಐಡಿ ಎಂಬ ಗುರುತಿನ ಸಂಖ್ಯೆ ಬಂತು. ‘ಬಿಸಿಎಲ್-2 ಆಂಟಿಬಾಡಿ ಬಳಸಲಾಯಿತು’ ಎಂದಷ್ಟೇ ಬರೆದರೆ ಸಾಲದು, ಯಾವ ಕ್ಲೋನ್, ಯಾವ ಸಂಖ್ಯೆ ಎಂದು ಹೇಳಿ ಎಂದು ಹಲವು ನಿಯತಕಾಲಿಕೆಗಳು ಕೇಳುತ್ತಿವೆ. ಸಂಖ್ಯೆ ಇದ್ದರೆ, ನಾಳೆ ಆ ಕ್ಲೋನಿನಲ್ಲಿ ದೋಷ ಕಂಡಾಗ ಅದನ್ನು ಬಳಸಿದ ಪ್ರಬಂಧಗಳನ್ನೆಲ್ಲ ಹುಡುಕಬಹುದು.

ಇನ್ನೊಂದು ಬೆಳವಣಿಗೆ ಆತಂಕ ಹುಟ್ಟಿಸುತ್ತದೆ. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ರ‍್ಯಾಂಕ್ ಕೊಡುವ ಎನ್‌ಐಆರ್‌ಎಫ್ 2025ರಲ್ಲಿ ಹಿಂಪಡೆದ ಪ್ರಬಂಧಗಳಿಗೆ ಅಂಕ ಕಳೆಯಲು ಶುರು ಮಾಡಿತು. ದುಡ್ಡಿಗೆ ಸುಳ್ಳು ಪ್ರಬಂಧ ಬರೆದುಕೊಡುವ ‘ಪ್ರಬಂಧ ಕಾರ್ಖಾನೆ’ಗಳ ಹಾವಳಿ ಇರುವ ದೇಶದಲ್ಲಿ ಇದರ ಉದ್ದೇಶ ಒಳ್ಳೆಯದೇ. ಈಗ ಒಬ್ಬ ಪ್ರಾಧ್ಯಾಪಕರಿಗೆ ತಾವು ಐದು ವರ್ಷದ ಹಿಂದೆ ಬಳಸಿದ ಆಂಟಿಬಾಡಿ ಬೇರೆ ಪ್ರೋಟೀನನ್ನು ಹಿಡಿಯುತ್ತಿತ್ತೆಂದು ತಿಳಿಯಿತು ಎನ್ನೋಣ. ಪ್ರಾಮಾಣಿಕವಾಗಿ ಪ್ರಬಂಧ ಹಿಂಪಡೆದರೆ ವಿಶ್ವವಿದ್ಯಾಲಯದ ಅಂಕ ಹೋಗುತ್ತದೆ. ಸುಮ್ಮನಿದ್ದರೆ ಏನೂ ಆಗುವುದಿಲ್ಲ. ಮೋಸಕ್ಕಾಗಿ ಹಿಂಪಡೆದದ್ದಕ್ಕೂ, ಸಾಧನದ ದೋಷ ಕಂಡು ತಾವಾಗಿಯೇ ಹಿಂಪಡೆದದ್ದಕ್ಕೂ ಒಂದೇ ದಂಡ ಹಾಕಿದರೆ ಎರಡನೆಯದು ನಿಂತುಹೋಗುತ್ತದೆ, ತಪ್ಪು ಗೆರೆ ಸಾಹಿತ್ಯದಲ್ಲೇ ಉಳಿಯುತ್ತದೆ. ಎರಡನ್ನೂ ಬೇರೆ ಮಾಡಲೇಬೇಕು.

ಸಂಶೋಧನೆಗೆ ಹಣ ಕೊಡುವ ನಮ್ಮ ಸರ್ಕಾರಿ ಸಂಸ್ಥೆಗಳು ಮಾಡಬಹುದಾದದ್ದು ದುಬಾರಿಯೇನಲ್ಲ. ಯೋಜನೆಯ ಅರ್ಜಿಯಲ್ಲೇ ಆಂಟಿಬಾಡಿಯ ಕ್ಲೋನ್ ಮತ್ತು ಪರೀಕ್ಷಿಸುವ ವಿಧಾನವನ್ನು ಕೇಳಬೇಕು, ಅದಕ್ಕೆಂದೇ ಒಂದಿಷ್ಟು ಹಣ ಮೀಸಲಿಡಬೇಕು. ಜೀನ್ ತೆಗೆದ ಕೋಶಗಳನ್ನು ಒಂದು ಪ್ರಯೋಗಾಲಯ ಮಾಡಿಟ್ಟರೆ ಉಳಿದವರಿಗೆ ಹಂಚಬಹುದು, ಪ್ರತಿಯೊಬ್ಬರೂ ಹೊಸದಾಗಿ ಮಾಡಬೇಕಿಲ್ಲ. ಬಿಸಿಎಲ್-2, ಬಿಸಿಎಲ್-ಎಕ್ಸ್‌ಎಲ್, ಎಂಸಿಎಲ್-1 ಇಲ್ಲದ ಮೂರು ಬಗೆಯ ಕೋಶಗಳು ಒಂದೇ ಕಡೆ ದ್ರವ ಸಾರಜನಕದಲ್ಲಿ ಸಿಗುವಂತಾದರೆ, ದೇಶದಲ್ಲಿ ಕೋಶದ ಸಾವಿನ ಮೇಲೆ ಕೆಲಸ ಮಾಡುವ ಯಾವ ವಿದ್ಯಾರ್ಥಿಯಾದರೂ ಹೊಸ ಸೀಸೆ ತೆರೆದ ವಾರದೊಳಗೆ ಅದನ್ನು ಇಟ್ಟುಕೊಳ್ಳಬೇಕೇ, ವಾಪಸ್ ಕಳಿಸಬೇಕೇ ಎಂದು ತೀರ್ಮಾನಿಸಬಹುದು.